ಗಿರಣಿಯಲ್ಲಿ ಗಗನದ ಆಟ

ಪ್ರೆಷರ್ ಕುಕ್ಕರಿನ ಡಬ್ಬಿಯ ಮೇಲೆ ಏನು ಬರೆದಿರುತ್ತದೋ ಅದೆಲ್ಲ ಡಬ್ಬಿಯ ಒಳಗೆ ಇರುತ್ತದೆ. ಕುಕ್ಕರ್ ಒಂದು, ಸೀಟಿ ಒಂದು, ರಬ್ಬರ್ ಎರಡು. ಲೋಕದ ಸಮಸ್ತ ಡಬ್ಬಿಗಳೂ ಈ ಧರ್ಮಕ್ಕೆ ಸೇರಿದವೇ ಎಂದು ನಂಬಿ ಇಪ್ಪತ್ತಾರು ವರ್ಷ ಬದುಕಿದ್ದವನು ಗಂಗಾಧರ. ಹರಪನಹಳ್ಳಿ ಬಸ್ ನಿಲ್ದಾಣದ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಮೊದಲ ಸಲ ಒಂದು ಆಟದ ಡಬ್ಬಿಯನ್ನು ತಿರುವಿ ಹಾಕಿ ಹಿಂದುಗಡೆ ಓದಿದವನು ಇನ್ನೊಮ್ಮೆ ಬೆರಳಿಟ್ಟು ಓದಿದ. ರ್‍ಯಾಮ್ ಇನ್ನೂರೈವತ್ತಾರು ಎಂ.ಬಿ., ಗ್ರಾಫಿಕ್ಸ್ ಕಾರ್ಡ್ ಒಂದು, ಸೌಂಡ್ ಕಾರ್ಡ್ ಒಂದು, ಕೀಬೋರ್ಡ್, ಮೌಸ್. ಇಷ್ಟೂ ಸೇರಿ ಎಂಟುನೂರು ರೂಪಾಯಿ. ಅಂಗಡಿಯವನಿಗೆ ತಾನು ಏನು ಮಾರುತ್ತಿದ್ದೇನೆಂಬ ಅರಿವಿಲ್ಲ, ಅರಿವಾಗುವ ಮೊದಲು ಜಾಗ ಖಾಲಿ ಮಾಡಬೇಕು ಎಂದುಕೊಂಡು, ಚೌಕಾಸಿಯನ್ನೂ ಮಾಡದೆ ದುಡ್ಡು ಕೊಟ್ಟು, ಹೊರಟು ನಿಂತಿದ್ದ ಕೊಟ್ಟೂರು ಬಸ್ಸಿಗೆ ಓಡಿ ಹತ್ತಿದ.

ಡಬ್ಬಿ ಮಕ್ಕಳು ಬರೆಯುವ ಪಾಟಿಗಿಂತ ಸ್ವಲ್ಪ ದಪ್ಪವಿತ್ತು, ಅಷ್ಟೇ. ಅಲ್ಲಾಡಿಸಿದರೆ ಒಳಗೆ ಏನೋ ಒಂದು ಜಾರಾಡುತ್ತಿತ್ತು. ಕೀಬೋರ್ಡನ್ನು ಮಡಚಿ ಇಟ್ಟಿರಬೇಕು ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಕೊಟ್ಟೂರಿನಲ್ಲಿ ನಾಗಲಿಂಗಮ್ಮನ ಹಿಟ್ಟಿನ ಗಿರಣಿಯಲ್ಲಿ, ಜೋಳ ಬೀಸಿಸಲು ಕಾದಿದ್ದ ಏಳು ಜನರ ಎದುರಿಗೆ ಡಬ್ಬಿ ಬಿಚ್ಚಿದಾಗ ಹೊರಬಿದ್ದದ್ದು ಒಂದು ಸಿ.ಡಿ. ಮತ್ತು ಒಂದು ತೆಳ್ಳನೆಯ ಪುಸ್ತಕ. ಏಳೂ ಜನ ಡಬ್ಬಿಯೊಳಗೆ ಒಬ್ಬೊಬ್ಬರಾಗಿ ಇಣುಕಿ ನೋಡಿದರು. ಮಾರನೆಯ ದಿನ ಗಂಗಾಧರ ಕೆಲಸಕ್ಕೆ ರಜೆ ಹಾಕಿ, ಕಳುವಾದ ಕೀಬೋರ್ಡಿನ ಸಲುವಾಗಿ ಜಗಳ ತೆಗೆಯಲು ಮತ್ತೆ ಹರಪನಹಳ್ಳಿಗೆ ಹೋದ. ಅಂಗಡಿಯ ಗವಿಸಿದ್ದೇಶ್ ಚಿಗಟೇರಿ ಕಡೆಯ ರೈತರ ಮನೆಯವನು, ತಾಳ್ಮೆಯ ಮನುಷ್ಯ.

“ಅದು ಡಬ್ಬಿಯೊಳಗೆ ಇರೋದಲ್ಲಣ್ಣ, ನಿಮ್ಮನೇಲಿ ಇರಬೇಕಾದ್ದು. ಅಷ್ಟಿದ್ರೆ ಈ ಆಟ ಓಡ್ತೈತಿ ಅಂತ ಬರ್ದಾರೆ,” ಎಂದ. ಗಂಗಾಧರನ ಮುಖದಲ್ಲಿ ಬೆಳಕು ಮೂಡದ್ದನ್ನು ಕಂಡು ಇನ್ನಷ್ಟು ಬಿಡಿಸಿ ಹೇಳಿದ. “ಬಸ್ ಟಿಕೆಟ್ ಮ್ಯಾಲೆ ಹರಪನಹಳ್ಳಿ ಅಂತ ಬರ್ದಿರ್ತಾರೆ. ಹಂಗಂತ ಕಂಡಕ್ಟ್ರು ಊರನ್ನೇ ಕೈಗೆ ಕೊಡ್ತಾನಾ?”

ಇಷ್ಟಾದ ಮೇಲೂ ಕೊಟ್ಟೂರಿನಲ್ಲಿ ಗಂಗಾಧರನಿಗೆ ‘ಕಂಪ್ಯೂಟರ್ ಗಂಗಾಧರ’ ಎಂಬ ಹೆಸರು ಉಳಿದುಕೊಂಡಿತೆಂದರೆ ಅದಕ್ಕೆ ಕಾರಣ ಅವನ ಜಾಣತನವಲ್ಲ, ಪೈಪೋಟಿಗೆ ಬೇರೆ ಯಾರೂ ಇಲ್ಲದಿದ್ದದ್ದು. ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಕೊಟ್ರಬಸಪ್ಪನೆಂಬ ಸಾವ್ಕಾರನ ಶೇಂಗಾ ದಲಾಲಿ ಅಂಗಡಿಗೆ ಅವನು ಗುಮಾಸ್ತ. ಅಂಗಡಿಗೆ ಕಂಪ್ಯೂಟರ್ ಬಂದ ದಿನ ಅದನ್ನು ಆನ್ ಮಾಡುವ ಗುಂಡಿ ಎಲ್ಲಿದೆ ಎಂದು ಅವನೇ ಮೊದಲು ಕಂಡುಹಿಡಿದ. ಅಂದಿನಿಂದ ಊರಿಗೆ ಅವನೇ ಎಂಜಿನಿಯರ್. ಅಂಗಡಿಯಲ್ಲಿ ಮಾತ್ರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅವನ ಹೆಸರು “ಲೇ, ಚೀಲ ನೋಡು.” ಆರು ಹೊಡೆದ ಮೇಲೆ ಮನುಷ್ಯನಾಗಲು ಅವನಿಗಿದ್ದ ಜಾಗ ಒಂದೇ: ನಾಗಲಿಂಗಮ್ಮನ ಗಿರಣಿಗೆ ಅಂಟಿಕೊಂಡಿದ್ದ ಕೋಣೆ, ಅದರೊಳಗಿನ ಮೂರು ಕಂಪ್ಯೂಟರ್.

ನಾಗಲಿಂಗಮ್ಮನ ಬಗ್ಗೆ ಹೇಳಲೇಬೇಕು. ಗಿರಣಿಯ ಬೋರ್ಡಿನ ಮೇಲಿದ್ದದ್ದು ಗಂಡ ಮರುಳಪ್ಪನ ಹೆಸರು. ಬೋರ್ಡು ಏರಿಸಿದ ದಿನ ಒಮ್ಮೆ ಬಂದು ಅದು ನೆಟ್ಟಗಿದೆಯೇ ಎಂದು ನೋಡಿ, ಹಿಟ್ಟಿನ ಧೂಳು ತನ್ನ ಮೈಗೆ ಆಗಿಬರುವುದಿಲ್ಲ ಎಂದು ಮನೆಗೆ ಹೋದ ಮರುಳಪ್ಪ ಆಮೇಲೆ ಇಪ್ಪತ್ತೆರಡು ವರ್ಷ ಆ ಮಾತಿಗೆ ತಪ್ಪಲಿಲ್ಲ. ಹೊಳಲಿನಿಂದ ಸೊಸೆಯಾಗಿ ಬಂದಿದ್ದ ನಾಗಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಿರಣಿಗೆ ನಿಂತವಳು, ನಿಂತೇ ಇದ್ದಳು. ಹುಬ್ಬಿನ ಮೇಲೆ ಯಾವಾಗಲೂ ಹಿಟ್ಟು ಕೂತಿರುತ್ತಿದ್ದುದರಿಂದ ಅವಳ ಕೂದಲು ಯಾವಾಗ ನಿಜವಾಗಿ ನರೆಯಿತು ಎಂಬುದು ಯಾರಿಗೂ ತಿಳಿಯಲಿಲ್ಲ. ಎಂಜಿನ್ನಿನ ಪಕ್ಕ ಅಷ್ಟು ವರ್ಷ ನಿಂತು ಕಿವಿ ಒಂದು ಬಗೆಯಾಗಿ ಪಳಗಿತ್ತು. ಮನುಷ್ಯರ ಮಾತು ಅರ್ಧ ಕೇಳಿಸುತ್ತಿತ್ತು, ಮಷಿನಿನ ಮಾತು ಪೂರ್ತಿ. ಕಲ್ಲಿನ ಸದ್ದು ಕೇಳಿಯೇ, ಬೆನ್ನು ತಿರುಗಿಸಿಕೊಂಡು, “ಯಾರದದು, ಜ್ವಾಳದಾಗ ಉಸುಕೈತಿ, ಕೇರ್ಕೊಂಡು ಬರ್ರಿ,” ಎನ್ನುತ್ತಿದ್ದಳು.

ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದ ಒಂದು ತರಬೇತಿ ಕೇಂದ್ರ ಹೊಸಪೇಟೆಗೆ ಎದ್ದು ಹೋಗುವಾಗ ಮೂರು ಹಳೇ ಕಂಪ್ಯೂಟರ್ ಮಾರುತ್ತೇವೆಂದಿತು. ನಾಗಲಿಂಗಮ್ಮನಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ಕರೆಂಟ್ ಗೊತ್ತಿತ್ತು. ದಿನಕ್ಕೆ ಆರು ತಾಸು ಲೋಡ್ ಶೆಡ್ಡಿಂಗ್ ಇದ್ದ ಕಾಲ ಅದು. ಊರೆಲ್ಲ ಕತ್ತಲಾದಾಗಲೂ ಅವಳ ಡೀಸೆಲ್ ಎಂಜಿನ್ ಕಲ್ಲನ್ನೂ ತಿರುಗಿಸಿ, ಒಂದು ಡೈನಮೋವನ್ನೂ ತಿರುಗಿಸುತ್ತಿತ್ತು. ಮೂರನ್ನೂ ಕೊಂಡಳು. ಹಳೇ ಸೀರೆಗಳಲ್ಲಿ ಅವಕ್ಕೆ ಗವಸು ಹೊಲಿದಳು. ಗೋಡೆಯ ಮೇಲೆ ಬರೆಸಿದಳು: ‘ಕಂಪ್ಯೂಟರ್ ಐತಿ. ಕರೆಂಟೂ ಐತಿ. ತಾಸಿಗೆ ಹತ್ತು ರೂಪಾಯಿ.’ ಒಂದೇ ತೊಂದರೆಯೆಂದರೆ ಯಾರಾದರೂ ಮೆಕ್ಕೆಜೋಳ ಹಾಕಿಸಿದಾಗ ಎಂಜಿನ್ನಿಗೆ ಭಾರ ಬಿದ್ದು ಮೂರೂ ಪರದೆಗಳು ಅಂಚಿನಿಂದ ಒಳಕ್ಕೆ ಕುಗ್ಗುತ್ತಿದ್ದವು.

ಆದರೆ ಗಂಗಾಧರ ತಂದ ಆ ಮೊದಲ ಡಬ್ಬಿ, ಕಾರು ಓಡಿಸುವ ಆಟ, ಡಬ್ಬಿಯಲ್ಲಿ ಇಲ್ಲದ್ದನ್ನೆಲ್ಲ ನಾಗಲಿಂಗಮ್ಮ ಬೇರೆ ಕೊಂಡು ತಂದು ಒಂದು ಕಂಪ್ಯೂಟರಿಗೆ ಹಾಕಿಸಿದ ಮೇಲೂ, ನಾಲ್ಕೇ ದಿನಕ್ಕೆ ಜನರಿಗೆ ಸಾಕಾಯಿತು. ಆರು ತಿಂಗಳು ಕೋಣೆಗೆ ನೊಣಗಳಷ್ಟೇ ಬಂದು ಹೋದವು. ಆಗ ದಾವಣಗೆರೆಯ ಏಜೆಂಟನೊಬ್ಬ ಖಾರ ಕುಟ್ಟುವ ಮಷಿನಿನ ಚಿತ್ರ ತೋರಿಸಿದ. ಬರುವ ಭಾನುವಾರ ಬಂದು ಕೋಣೆಯ ಅಳತೆ ತೆಗೆದುಕೊಳ್ಳುತ್ತೇನೆಂದ.

“ಇನ್ನೊಂದು ಆಟ ತರ್ತೀನಿ ಅಮ್ಮಾರ. ಹಿಂಗ ಸುಮ್ಮನ ಓಡೋದಲ್ಲ. ಇದರಾಗ ನಾವಾ ಒಬ್ಬ ಮನುಷ್ಯ ಆಗಬೇಕು. ಗಗನದಾಗ ಹೋಗ್ತೀವಿ, ಮಾತಾಡ್ತೀವಿ, ಬಡಿದಾಡ್ತೀವಿ, ದಿನಾ ದಿನಾ ಶಾಣ್ಯಾ ಆಗ್ತೀವಿ,” ಎಂದು ಗಂಗಾಧರ ಗೋಗರೆದ.

“ನೀ ಮೊದ್ಲು ಇಲ್ಲೇ ಶಾಣ್ಯಾ ಆಗು,” ಎಂದಳು ನಾಗಲಿಂಗಮ್ಮ. ಆದರೂ ಸ್ವಲ್ಪ ಯೋಚಿಸಿದಳು. “ಎಂಟು ದಿನ ಇಟ್ಕೊಂಡು ನೋಡಾನು. ತಗೊಳ್ಳೋ ಮಾಲಾದ್ರ ತಗೊಳ್ಳಾನು. ಇಲ್ಲಂದ್ರ ವಾಪಸ್. ಖಾರದ ಮಷಿನ್ ಬರ್ತೈತಿ.”

ಬೆಲೆ ಒಂಬೈನೂರ ತೊಂಬತ್ತೊಂಬತ್ತು. ಇಟ್ಟುಕೊಂಡು ನೋಡಿ ವಾಪಸ್ ಕೊಡುವ ಪದ್ಧತಿ ಸಿ.ಡಿ.ಗೆ ಇಲ್ಲವೆಂದು ಗಂಗಾಧರನಿಗೆ ಗೊತ್ತಿರಲಿಲ್ಲ. ಹರಪನಹಳ್ಳಿಗೆ ಹೋಗಿ ಎತ್ತಿನ ವ್ಯಾಪಾರದ ಹಾಗೆಯೇ ಕೇಳಿದ. ಎತ್ತು ಮಾರುವವರು ಎಂಟು ದಿನ ಹೂಡಿ ನೋಡಿ ಅನ್ನುವುದಿಲ್ಲವೇ, ಇದೂ ಹಾಗೆ. ಗವಿಸಿದ್ದೇಶ್ ಅವನ ಮುಖ ನೋಡಿದ. ಕೀಬೋರ್ಡಿನ ನೆನಪಾಗಿರಬೇಕು, ನಗು ನುಂಗಿಕೊಂಡ.

“ಆತು, ಒಯ್ರಿ. ಭಾನುವಾರ ಬೆಳಿಗ್ಗೆ ಎತ್ತಾದ್ರೂ ಬರಬೇಕು, ದುಡ್ಡಾದ್ರೂ ಬರಬೇಕು. ಮೈಮ್ಯಾಲೆ ಗೀರು ಮಾತ್ರ ಇರಬಾರ್ದು.”

ಆಟದ ನಿಜವಾದ ಹೆಸರು ಇಂಗ್ಲಿಷಿನಲ್ಲಿ ಒಂದು ಗೇಣು ಉದ್ದವಿತ್ತು. ಗಿರಣಿಯಲ್ಲಿ ಅದು ಮೊದಲ ಸಂಜೆಯೇ ‘ಗಗನದ ಆಟ’ ಆಯಿತು. ಶುರುವಿನಲ್ಲಿ ಅದು ನಾಯಕನಿಗೆ ಏನು ಹೆಸರಿಡೋಣ ಎಂದು ಕೇಳಿತು. ಗಂಗಾಧರ ತನ್ನ ಹೆಸರನ್ನೇ ಒತ್ತಿದ. ಗಂಗಾಧರ ಎಂಬ ಆ ವೀರ, ಗಗನದ ಹಡಗಿನಿಂದ, ಒಡೆದುಹೋದ ಒಂದು ಚಂದ್ರನ ಮೇಲಿಳಿದು ಮೂರನೆಯ ನಿಮಿಷಕ್ಕೆ ಕಬ್ಬಿಣದ ಚೇಳೊಂದು ಕಡಿದು ಸತ್ತ. ಅದೇ ಹೊತ್ತಿಗೆ ಯಾರದೋ ಮೆಕ್ಕೆಜೋಳ ಬಿದ್ದು ಪರದೆ ಕುಗ್ಗಿದ್ದೇ ಕಾರಣ ಎಂದು ಗಂಗಾಧರ ಇಂದಿಗೂ ಹೇಳುತ್ತಾನೆ.

ಗಿರಣಿಗೂ ಕೋಣೆಗೂ ನಡುವೆ ಒಂದು ದೊಡ್ಡ ಕಿಟಕಿ. ಕಾಳಿನ ಚೀಲ ಇಟ್ಟು ಕಾಯುವವರು ಅಲ್ಲೇ ನಿಲ್ಲುತ್ತಿದ್ದರು. ಅವರಲ್ಲಿ ಹಂಪಕ್ಕ ದಿನಾ ಬರುವವಳು. ಬಸ್ ನಿಲ್ದಾಣದಲ್ಲಿ ಅವಳ ಮಂಡಕ್ಕಿ ಮಿರ್ಚಿ ಅಂಗಡಿ, ಪ್ರತಿ ದಿನ ಕಡಲೆಬೇಳೆ ಬೀಸಿಸಬೇಕು.

“ಬದುಕಿರೋ ಮನುಷ್ಯಾರ ಹೆಸರು ಇಡಬಾರ್ದಪ. ಅಪಶಕುನ,” ಎಂದಳು ಕಿಟಕಿಯಿಂದ.

“ಮತ್ತ ಏನಿಡ್ಲಿ? ಯರ್ರೆಪ್ಪ?”

“ನಮ್ಮ ಮಾವನ ಹೆಸರದು.”

“ಯರ್ರಿಸ್ವಾಮಿ?”

ಸಾಲಿನ ಹಿಂದಿನಿಂದ ಒಬ್ಬ ಕೆಮ್ಮಿದ. ಅವನೇ ಯರ್ರಿಸ್ವಾಮಿ. ಆ ಸಾಲಿನಲ್ಲಿದ್ದ ಹನ್ನೊಂದು ಜನರಲ್ಲಿ ಯಾರ ಮನೆಯಲ್ಲೂ ಇಲ್ಲದ, ಸತ್ತರೂ ಯಾರಿಗೂ ಸೂತಕ ತಟ್ಟದ ಹೆಸರು ಹುಡುಕುವಷ್ಟರಲ್ಲಿ ಮೂರು ಜನರ ಹಿಟ್ಟು ಆಗಿತ್ತು. ಕೊನೆಗೆ ದುರುಗಣ್ಣ ಎಂದು ತೀರ್ಮಾನವಾಯಿತು. ದುರುಗಣ್ಣ ಲೇಸರ್ ಬಂದೂಕು ಹಿಡಿದು ಗಗನಕ್ಕೆ ಹೋದ, ಅದೇ ಚೇಳನ್ನು ಹೊಡೆದು ಮುಂದಕ್ಕೆ ನಡೆದ.

ಒಂದು ತಾಸು ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಕೆಂಪು ಆಕಾಶ, ನೀಲಿ ಬೆಂಕಿ, ಬಂಡೆಗಳ ಮೇಲೆ ಎರಡು ಸೂರ್ಯರ ಎರಡು ನೆರಳು. ಗಂಗಾಧರ ಎದ್ದು ಎಂಜಿನ್ನಿನ ಬಳಿ ಓಡಿದ. “ಅಮ್ಮಾರ, ಕಣ್ಣು ಮುಚ್ಚಿ ತಗೊಳ್ಳಬಹುದು. ಇಂಥಾ ಆಟ ಇಲ್ಲ.”

ನಾಗಲಿಂಗಮ್ಮ ಆಗಷ್ಟೇ ಒಬ್ಬರ ಗೋಧಿ ಸುರಿದಿದ್ದಳು. ಬಟ್ಟೆಯ ಬಾಯಿಂದ ಇಳಿದ ಮೊದಲ ಹಿಡಿ ಹಿಟ್ಟನ್ನು ಅಂಗೈಯಲ್ಲಿ ಹಿಡಿದು, ಬೆರಳಿನಿಂದ ತಿಕ್ಕಿ, ಪಕ್ಕದ ತಗಡಿನ ಡಬ್ಬಿಗೆ ಹಾಕಿದಳು. ಅದು ಇರುವೆಗೂ ದನಕ್ಕೂ ಹೋಗುವ ಡಬ್ಬಿ.

“ಇದು ಯಾರ ಹಿಟ್ಟು?”

“ಈಗ ಹಾಕಿದ ಗೋಧಿದು.”

“ಅಲ್ಲ. ಇದಕ್ಕಿಂತ ಮೊದ್ಲು ಜ್ವಾಳ ಬೀಸಿದ್ದೆ. ಕಲ್ಲಿನ ಸಂದಿಯಾಗ ಅದು ಉಳಿದಿರ್ತೈತಿ. ಮೊದ್ಲ ಹಿಡಿ ಯಾವತ್ತೂ ಹಿಂದಿನೋರದು. ಅದನ್ನ ನೋಡಿ ಹಿಟ್ಟು ಚಲೋ ಐತಿ, ಕೆಟ್ಟೈತಿ ಅನ್ನಬಾರ್ದು.” ಎರಡನೆಯ ಹಿಡಿ ಮುಟ್ಟಿ ನೋಡುತ್ತಾ ಹೇಳಿದಳು. “ಇವತ್ತು ನೀ ಕುಣಿಯಾಕ ಹತ್ತಿದ್ದು ಆಟಕ್ಕಲ್ಲ. ಆರು ತಿಂಗಳು ಆಟ ಇಲ್ಲದ್ದಕ್ಕ. ಹೋಗು, ಇನ್ನಾ ಬೀಸು.”

ಇನ್ನೂ ಬೀಸಿದ. ಎರಡನೆಯ ದಿನ ಬಣ್ಣದ ಮರುಳು ಇಳಿದು, ಆಟದ ಎಲುಬು ಕಾಣತೊಡಗಿತು. ಅದರಲ್ಲಿ ಬಡಿದಾಟಕ್ಕಿಂತ ಮಾತೇ ಹೆಚ್ಚು. ಯಾರಾದರೂ ಎದುರು ಬಂದರೆ ಪರದೆಯ ಕೆಳಗೆ ಅವರು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ ಬರುತ್ತಿತ್ತು. ಕೊನೆಗೆ ಮೂರು ಉತ್ತರ, ಒಂದನ್ನು ಆರಿಸಬೇಕು. ಹೇಳಿದ ಉತ್ತರದ ಮೇಲೆ ಮುಂದಿನ ಕತೆ. ಗಂಗಾಧರ ಅದನ್ನು ಅಕ್ಷರ ಕೂಡಿಸಿ ಓದಿ, ಅರ್ಧ ತಿಳಿದದ್ದಕ್ಕೆ ಇನ್ನರ್ಧ ತಾನೇ ಸೇರಿಸಿ, ಕಿಟಕಿಗೆ ಜೋರಾಗಿ ಕನ್ನಡದಲ್ಲಿ ಹೇಳುತ್ತಿದ್ದ. ಯಾವ ಉತ್ತರ ಕೊಡಬೇಕೆಂದು ಕಿಟಕಿ ತೀರ್ಮಾನಿಸುತ್ತಿತ್ತು.

ಒಡೆದ ಚಂದ್ರನ ದೊರೆಗೆ ಮೂರು ಕಣ್ಣು, ಹರಿದ ಬಲಗಿವಿ. ಅವನು ದುರುಗಣ್ಣನನ್ನು ಕೇಳಿದ: ನನ್ನ ಹಡಗು ರಿಪೇರಿ ಮಾಡಿಕೊಡುತ್ತೀಯಾ, ದಂಗೆ ಎದ್ದವರ ಜೊತೆ ಸೇರುತ್ತೀಯಾ, ಇಲ್ಲ ನಿನ್ನ ಪಾಡಿಗೆ ಹೋಗುತ್ತೀಯಾ?

“ಮೂರು ಕಣ್ಣು ಅಂದ್ರ ನಮ್ಮೋನಾ ಬಿಡು. ಮಾಡಿಕೊಡು,” ಎಂದಳು ಹಂಪಕ್ಕ.

“ಕೂಲಿ ಎಷ್ಟಂತ ಕೇಳೋ ಮೊದ್ಲು,” ಎಂದ ಯರ್ರಿಸ್ವಾಮಿ. ಅವನು ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ಕಟ್ಟುವವನು.

ಮೊದಲನೆಯದನ್ನು ಒತ್ತಿದರೆ ಕೂಲಿ ಕೇಳುವ ಉತ್ತರವೂ ಬಂತು, ಗಂಗಾಧರ ಕೇಳಿದ. ಕೂಲಿಯ ಮಾತೆತ್ತಿದ್ದಕ್ಕೆ ದೊರೆ ಸಿಟ್ಟಿಗೆದ್ದು, ನನ್ನ ಸೇವೆಯೇ ನಿನಗೆ ಸಂಬಳ ಎಂದ.

“ಹಂಗಾರ ನಮ್ಮೋನಲ್ಲ,” ಎಂದಳು ಹಂಪಕ್ಕ. “ಇಂಥೋರ್ನ ನಾ ಯಾರ್ಡಿನಾಗ ಬಾಳ ನೋಡೀನಿ.” ಗಂಗಾಧರನಿಗೆ ತನ್ನ ಸಾವ್ಕಾರನ ನೆನಪಾಗಿ, ಕಿಟಕಿಯ ಒಪ್ಪಿಗೆಗೂ ಕಾಯದೆ ದುರುಗಣ್ಣನನ್ನು ದಂಗೆಕೋರರ ಕಡೆ ಸೇರಿಸಿಬಿಟ್ಟ.

ಬುಧವಾರ ದುರುಗಣ್ಣ ದೊರೆಯ ಕೋಟೆಯೊಳಗೆ ನುಗ್ಗಿ ಒಂದು ಕಬ್ಬಿಣದ ಬಾಗಿಲಿನ ಎದುರು ಬಂದು ನಿಂತ. ಬಾಗಿಲು ತೆರೆಯಲಿಲ್ಲ. ಗುಂಡು ಹೊಡೆದ. ಒದ್ದ. ಸುತ್ತಲಿನ ಗೋಡೆಗಳನ್ನೆಲ್ಲ ತಡವಿದ. ಹಿಂದೆ ಹೋಗೋಣವೆಂದರೆ ಬಂದ ದಾರಿ ಕುಸಿದು ಮುಚ್ಚಿತ್ತು. ಸಂಜೆಯೆಲ್ಲ ಆ ಒಂದು ಪಡಸಾಲೆಯಲ್ಲಿ ದುರುಗಣ್ಣ ಗಾಣದ ಎತ್ತಿನ ಹಾಗೆ ಸುತ್ತಿದ. ಕಿಟಕಿಯಲ್ಲಿ ಹದಿನೈದು ಜನ.

“ಮುಂದೇನಾತೋ?” ಎಂದಳು ಹಂಪಕ್ಕ.

ಇಲ್ಲಿ ಗಂಗಾಧರ ಒಂದು ಕ್ಷಣ ಪ್ರಾಮಾಣಿಕನಾಗಬಹುದಿತ್ತು. ನನಗೆ ಬಾಗಿಲು ತೆರೆಯಲು ಬರುತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಹಾಗಂದರೆ ಭಾನುವಾರ ಏಜೆಂಟ್ ಅಳತೆಯ ಪಟ್ಟಿ ಹಿಡಿದು ಬರುತ್ತಾನೆ. ಸೋಮವಾರದಿಂದ ಈ ಕೋಣೆಯಲ್ಲಿ ಖಾರದ ಪುಡಿ, ಅವನಿಗೆ ಇಪ್ಪತ್ತನಾಲ್ಕು ತಾಸೂ “ಲೇ, ಚೀಲ ನೋಡು.” ಅವನ ಬಾಯಿ ಅವನನ್ನು ಕೇಳದೆಯೇ ಹೇಳಿತು: “ದೊರಿ ಒಳಗಿಂದ ಮಾತಾಡಾಕ ಹತ್ಯಾನ. ಶರಣಾಗ್ತೀನಿ ಅಂತಾನ.”

ಆಮೇಲೆ ತಡೆಯಲಾಗಲಿಲ್ಲ. ಪರದೆಯ ಮೇಲೆ ದುರುಗಣ್ಣ ಅದೇ ನಾಲ್ಕು ಗೋಡೆ ಸುತ್ತುತ್ತಿದ್ದರೆ, ಗಂಗಾಧರನ ಬಾಯಲ್ಲಿ ಗುರುವಾರ ದೊರೆ ಸತ್ತ. ಶುಕ್ರವಾರ ಮಣ್ಣು ಮಾಡಿದರು. ದೊರೆಗೆ ಇಬ್ಬರು ಹೆಂಡರಿದ್ದದ್ದು ಆಮೇಲೆ ಬೆಳಕಿಗೆ ಬಂತು. ಹಿರಿಯಳ ಮಕ್ಕಳಿಗೂ ಕಿರಿಯಳ ಮಕ್ಕಳಿಗೂ ಚಂದ್ರನ ಪಾಲಿನ ವಿಷಯದಲ್ಲಿ ವ್ಯಾಜ್ಯ ಹತ್ತಿತು. ನೀರಿರುವ ಕಡೆಯ ಹೊಲ ಯಾರಿಗೆ, ಬರೀ ಬಂಡೆಯ ಕಡೆಯದು ಯಾರಿಗೆ? ಹಿಟ್ಟು ಆಗಿ ಅರ್ಧ ತಾಸಾದರೂ ಜನ ಕದಲುತ್ತಿರಲಿಲ್ಲ. ಸರ್ವೆ ಕಲ್ಲು ಯಾರು ಕಿತ್ತರು ಎಂಬ ಮಾತಿನಲ್ಲಿ ಕಿಟಕಿ ಎರಡು ಪಾರ್ಟಿಯಾಯಿತು. ಒಬ್ಬರ ಜೋಳದ ಹಿಟ್ಟು ಇನ್ನೊಬ್ಬರ ಮನೆಗೆ ಹೋಯಿತು.

“ಅವ ಒಂದಾ ಕಡೆ ತಿರುಗಾಡ್ತಾನಲ್ಲೋ?” ಎಂದು ಯರ್ರಿಸ್ವಾಮಿಗೆ ಒಮ್ಮೆ ಅನುಮಾನ ಬಂತು.

“ಯೋಚನಿ ಮಾಡಾಕ ಹತ್ಯಾನ. ಪಂಚಾಯ್ತಿ ತೀರ್ಮಾನ ಅವನಾ ಹೇಳಬೇಕಲ್ಲ.”

ಯರ್ರಿಸ್ವಾಮಿ ತಲೆಯಾಡಿಸಿದ. ಇಂಥಾ ವಿಷಯದಲ್ಲಿ ತಿರುಗಾಡದೆ ಇರಲಾಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

ನಾಗಲಿಂಗಮ್ಮ ಈ ಕಡೆ ಒಮ್ಮೆಯೂ ಇಣುಕಿರಲಿಲ್ಲ. ಶುಕ್ರವಾರ ಬಾಗಿಲು ಹಾಕುವಾಗ ಮಾತ್ರ ಕೇಳಿದಳು. “ಮೊನ್ನಿಯಿಂದ ನಿನ್ನ ಆಟದ ಸದ್ದು ಬ್ಯಾರೆ ಆಗೈತಿ. ಟೊಂಯ್, ಟಕ್, ಟಕ್, ಟೊಂಯ್. ಒಂದಾ ಸಮ.”

“ದೊಡ್ಡ ಆಟ ಅಮ್ಮಾರ, ಹಂಗ ಇರ್ತೈತಿ.”

“ಕಾಳಿಲ್ಲದ ಕಲ್ಲು ತಿರುಗಿದ್ರ ಹಂಗ ಇರ್ತೈತಿ,” ಎಂದು ಬೀಗ ಹಾಕಿಕೊಂಡು ಹೋದಳು. ಗಿರಣಿಯವರಿಗೆ ಅದಕ್ಕಿಂತ ಕೆಟ್ಟ ಸದ್ದು ಇಲ್ಲ. ನಡುವೆ ಕಾಳಿಲ್ಲದಿದ್ದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ. ಗಂಗಾಧರನಿಗೆ ಅಂದು ನಿದ್ದೆ ಸರಿಯಾಗಿ ಬರಲಿಲ್ಲ.

ಶನಿವಾರ. ಮಾರನೆಯ ಬೆಳಿಗ್ಗೆ ಒಂದೋ ಸಿ.ಡಿ. ಹರಪನಹಳ್ಳಿಗೆ, ಒಂದೋ ದುಡ್ಡು. ಪಕ್ಕದ ಕಂಪ್ಯೂಟರಿನಲ್ಲಿ ಪುಷ್ಪಲತಾ ಕೂತಿದ್ದಳು. ಖಾಸಗಿ ಶಾಲೆಯೊಂದರ ಟೀಚರ್, ವಾರವಿಡೀ ಪರೀಕ್ಷೆಯ ಪ್ರಶ್ನೆಪತ್ರಿಕೆ ಟೈಪ್ ಮಾಡಲು ಬರುತ್ತಿದ್ದವಳು. ಅವಳಿಗೆ ಕೊಡುತ್ತಿದ್ದ ಸಂಬಳ ಗಂಗಾಧರನದ್ದಕ್ಕಿಂತಲೂ ಕಡಿಮೆ, ಮಾತು ಅದಕ್ಕಿಂತಲೂ ಕಡಿಮೆ. ಗಂಗಾಧರ ಕಿರಿಯ ಹೆಂಡತಿಯ ಮಗನಿಂದ ಒಂದು ಉದ್ದ ಭಾಷಣ ಮಾಡಿಸುತ್ತಿದ್ದಾಗ ಅವಳು ಟೈಪ್ ಮಾಡುವುದನ್ನು ನಿಲ್ಲಿಸಿದಳು.

“ಒಂದು ಮಾತು ಹೇಳ್ಲೇನ್ರಿ?” ಎಂದಳು ತಗ್ಗಿದ ದನಿಯಲ್ಲಿ. “ನಾಕು ದಿನದಿಂದ ತಡಕೊಂಡೀನಿ. ಆ ಬಾಗಿಲ ಮ್ಯಾಲೆ ಬರ್ದೈತಲ್ರಿ.”

“ಎಲ್ಲಿ?”

“ಕೆಳಗ. ಸಣ್ಣ ಅಕ್ಷರದಾಗ. ಚಂದ್ರನ ತುಣುಕು ಇಲ್ಲಿಡು ಅಂತ.”

“ಚಂದ್ರನ ತುಣುಕು ನಮ್ಮತ್ರ ಎಲ್ಲೈತ್ರಿ?”

“ಮೊದಲ್ನೇ ದಿನಾನಾ ಸಿಕ್ಕಿತ್ತಲ್ರಿ. ದುರುಗಣ್ಣ ಆ ಚೇಳನ್ನ ಹೊಡ್ದಾಗ. ನಿಮ್ಮ ಚೀಲದಾಗ ಐತಿ.”

ಹೇಳುತ್ತಾ ಹೇಳುತ್ತಾ ಅವಳ ಕೈ ತಾನಾಗಿ ಈ ಕೀಬೋರ್ಡಿಗೆ ಬಂತು. ಎರಡು ಗುಂಡಿ ಒತ್ತಿದಳು. ಗಂಗಾಧರನಿಗೆ ಇದೆಯೆಂದೇ ಗೊತ್ತಿಲ್ಲದ ಚೀಲವೊಂದು ತೆರೆದುಕೊಂಡು, ಅದರಲ್ಲಿ ಚೇಳಿನ ಕಾಲದಿಂದ ದುರುಗಣ್ಣ ಹೊತ್ತು ತಿರುಗಿದ್ದೆಲ್ಲ ಕಂಡಿತು. ಒಂದನ್ನು ಎತ್ತಿ ಬಾಗಿಲಿಗಿಟ್ಟಳು. ಅಂಗಡಿಯ ಷಟರ್ ಎತ್ತಿದಂಥ ಸದ್ದು ಮಾಡಿ ಬಾಗಿಲು ತೆರೆಯಿತು.

ಗಿರಣಿಯಲ್ಲಿ ಎಂಜಿನ್ನಿನ ವೇಗ ಇಳಿಯಿತು. ಹುಬ್ಬಿನ ಮೇಲೆ ಹಿಟ್ಟು, ಕೈಯಲ್ಲಿ ಮರದ ಸೌಟು, ನಾಗಲಿಂಗಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

“ಕಾಳು ಬಿತ್ತು,” ಎಂದಳು.

ಬಾಗಿಲಿನ ಆಚೆ ದೊಡ್ಡ ಸಭಾಂಗಣ. ನಡುವೆ ಸಿಂಹಾಸನ. ಅದರ ಮೇಲೆ ಮೂರೂ ಕಣ್ಣು ತೆರೆದುಕೊಂಡು, ಹರಿದ ಬಲಗಿವಿಯ ದೊರೆ ಆರಾಮಾಗಿ ಕೂತಿದ್ದ.

ಕಿಟಕಿಯ ತಲೆಗಳೆಲ್ಲ ಒಮ್ಮೆಲೇ ಮುಂದಕ್ಕೆ ಬಾಗಿದವು. ಹಂಪಕ್ಕ ಕೇಳಿದಳು. “ಇವ ಮೊನ್ನಿ ಸತ್ತ್ನಲ್ಲೋ?”

“ಇವ ಅವನ ತಮ್ಮ,” ಎಂದ ಗಂಗಾಧರ.

“ತಮ್ಮನ ಕಿವೀನೂ ಹರದೈತಿ?”

“ಅವರ ಮನಿತನದಾಗಾ ಹಂಗ.”

ದೊರೆ ಎದ್ದು ನಿಂತು ಏನೋ ಹೇಳಿದ. ಪರದೆಯ ಕೆಳಗೆ ಅಕ್ಷರ ಮೂಡಿದವು. ಗಂಗಾಧರನಿಗೆ ಅದನ್ನು ಓದುವ ಧೈರ್ಯವಾಗಲಿಲ್ಲ. ಪುಷ್ಪಲತಾ ಟೀಚರ್ ಅಲ್ಲವೇ, ಎದುರಿಗೆ ಬರೆದದ್ದನ್ನು ಓದದೆ ಬಿಡುವುದು ಅವಳಿಂದ ಆಗದ ಕೆಲಸ. ಶಾಲೆಯಲ್ಲಿ ಓದುವ ಹಾಗೆಯೇ ಸ್ಪಷ್ಟವಾಗಿ ಕನ್ನಡ ಮಾಡಿ ಓದಿದಳು: “ಬಾ ದುರುಗಣ್ಣ. ನಾನೇ ಈ ಚಂದ್ರನ ದೊರೆ. ನೀನು ಬಾಗಿಲ ಹೊರಗೆ ಸುತ್ತುವುದನ್ನು ಬಹಳ ಹೊತ್ತಿನಿಂದ ಕೇಳಿಸಿಕೊಳ್ಳುತ್ತಾ ಕೂತಿದ್ದೆ.”

ಯರ್ರಿಸ್ವಾಮಿ ತನ್ನ ಹಿಟ್ಟಿನ ಚೀಲ ಎತ್ತಿ ಹೆಗಲಿಗಿಟ್ಟುಕೊಂಡ. “ಮಣ್ಣಿಗೆ ಹೋಗಿ ಬಂದೋರ ಹಂಗ ಸ್ನಾನ ಮಾಡಿದ್ದೆ ಮಾರಾಯ ನಿನ್ನಿ ನಾನು,” ಎಂದು ಹೋದ. ಒಬ್ಬೊಬ್ಬರೇ ಹೋದರು. ಕೆಲವರು ನಗುತ್ತಾ, ಕೆಲವರು ಮುಖ ತಿರುಗಿಸಿಕೊಂಡು. ಹಂಪಕ್ಕ ಕೊನೆಗೆ ಉಳಿದಳು. ಅವಳು ಎರಡು ದಿನ ಮಿರ್ಚಿಯ ಬಾಣಲೆ ತಡವಾಗಿ ಇಟ್ಟವಳು.

“ಹೊಲ ಹಂಚಿದ್ದೂ ಸುಳ್ಳಾ?”

ಗಂಗಾಧರ ಹೌದೆಂದು ತಲೆಯಾಡಿಸಿದ.

“ಸಣ್ಣಾಕಿಗೆ ಬಂಡೆ ಕಡೆ ಹೊಲ ಕೊಟ್ಟಿದ್ದೂ?”

“ಹೂಂ.”

ಹಂಪಕ್ಕ ಕಡಲೆಹಿಟ್ಟಿನ ಡಬ್ಬಿಯ ಮುಚ್ಚಳ ಒತ್ತಿದಳು. “ಸುಳ್ಳಾದ್ರ ಸುಳ್ಳು. ನಾಳಿ ಬರ್ತೀನಿ, ಅಕಿಗೆ ಒಂದು ನ್ಯಾಯ ಮಾಡಿ ಮುಗಿಸು. ಹಂಗ ನಡು ನೀರಾಗ ಕೈಬಿಟ್ರ ನನಗ ನಿದ್ದಿ ಬರಂಗಿಲ್ಲ.”

ಪುಷ್ಪಲತಾ ಪ್ರಶ್ನೆಪತ್ರಿಕೆಯನ್ನು ಫ್ಲಾಪಿಗೆ ಹಾಕಿಕೊಂಡು, ಎದ್ದವಳು ಮತ್ತೆ ಒಮ್ಮೆ ಪರದೆಯ ಕಡೆ ನೋಡಿ, ಹೋದಳು.

ಎಂಜಿನ್ ನಿಂತ ಮೇಲೆ ಗಿರಣಿ ಬೇರೆಯವರ ಮನೆಯ ಹಾಗಿತ್ತು. ನಾಗಲಿಂಗಮ್ಮ ಮೇಲಿನ ಕಲ್ಲನ್ನು ಎತ್ತಿಸಿಟ್ಟು, ಸವೆದಲ್ಲಿ ಉಳಿಯಿಂದ ಮೆಲ್ಲಗೆ ಹೊಡೆದು ಒರಟು ಮಾಡುತ್ತಿದ್ದಳು. ಶನಿವಾರದ ಕೆಲಸ ಅದು. ಗಂಗಾಧರ ಸಿ.ಡಿ.ಯನ್ನು ಅಂಗಿಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು ಗೀರಿಲ್ಲವೆಂದು ನೋಡಿ, ಡಬ್ಬಿಗೆ ಹಾಕಿದ. ಡಬ್ಬಿಯ ಹಿಂದೆ ಕೀಬೋರ್ಡ್, ಮೌಸ್ ಎಂದು ಬರೆದಿತ್ತು. ಆಡಲು ಬರುವವನು ಒಬ್ಬ ಎಂದೂ ಬರೆಯಬೇಕಿತ್ತು ಅನ್ನಿಸಿತು.

“ಬೆಳಿಗ್ಗೆ ಏಳೂವರಿ ಬಸ್ಸಿಗೆ ವಾಪಸ್ ಕೊಟ್ಟು ಬರ್ತೀನಿ ಅಮ್ಮಾರ,” ಎಂದ.

ಉಳಿಯ ಸದ್ದು ನಿಲ್ಲಲಿಲ್ಲ.

“ಏಜೆಂಟು ಎಷ್ಟೊತ್ತಿಗೆ ಬರ್ತಾನ್ರಿ?”

“ಅವಂಗ ಬರಬ್ಯಾಡ ಅಂತ ಫೋನ್ ಮಾಡಿಸೀನಿ. ಖಾರ ಕುಟ್ಟಿದ್ರ ಸಾಲಿನಾಗ ನಿಂತೋರು ಸೀನ್ತಾರ. ಸೀನೋ ಜನ ಮಾತು ಕೇಳ್ತಾರೇನು?” ಅವಳು ಕಲ್ಲಿನ ಪುಡಿಯನ್ನು ಊದಿದಳು. “ಇಪ್ಪತ್ತೆರಡು ವರ್ಷ ಆತು, ಕಾಯೋ ಮಂದಿ ನನ್ನ ಬೈಕೊಂತ ಕಾದಾರ. ಈ ವಾರ ಒಬ್ರೂ ಬೈಲಿಲ್ಲ. ಆ ಕಡೆ ಗಿರಣಿಗೆ ಹೋಗೋರೂ ಇಲ್ಲೇ ಬಂದ್ರು.”

ಜನ ಬಂದದ್ದು ತನ್ನ ಕತೆಗೆ ಎಂದು ಗಂಗಾಧರನಿಗೆ ಅರ್ಥವಾಯಿತು. ಅರ್ಥವಾದ ಮೇಲೂ ಎದೆಯೊಳಗಿನ ಮುಳ್ಳು ಹೋಗಲಿಲ್ಲ. ಎಂಟು ದಿನ ಹೂಡಿ ನೋಡಿದ್ದಾಗಿತ್ತು, ಒಂದು ಮಾತು ಕೇಳದೆ ಹೋಗಲು ಅವನಿಂದಾಗಲಿಲ್ಲ.

“ಅಮ್ಮಾರ, ಸಿಟ್ಟಾಗಬ್ಯಾಡ್ರಿ. ನಿಜ ಹೇಳ್ರಿ. ಇಷ್ಟು ದಿನ ದಂಡ ಆಗಿದ್ದು ಆ ಆಟದಿಂದೇನೋ, ನನ್ನಿಂದೇನೋ?”

ನಾಗಲಿಂಗಮ್ಮ ಉಳಿ ಕೆಳಗಿಟ್ಟು ಮೊದಲ ಸಲ ಅವನ ಮುಖ ನೋಡಿದಳು.

“ನಿನ್ನಿಂದ. ಆಟಕ್ಕೇನಾಗೈತಿ, ಕಾಳು ಹಾಕಿದ್ರ ಹಿಟ್ಟು ಬರ್ತೈತಿ, ಟೀಚರಮ್ಮ ಹಾಕಿ ತೋರಿಸಿದ್ಲು. ನಾಳಿ ಹೋಗಿ ಅದರ ದುಡ್ಡು ಕೊಟ್ಟು ಬಾ. ಸೋಮಾರದಿಂದ ಅಕಿ ಆಡ್ಲಿ, ಅಕಿ ಹತ್ರ ರೊಕ್ಕ ಇಸಗೊಳ್ಳಂಗಿಲ್ಲ. ನೀ ಪಕ್ಕದಾಗ ಕುಂತು ಬರೀ ಸುಳ್ಳು ಹೇಳು. ನಿಂದು ಮಾತ್ರ ಯಾವತ್ತಿನಂಗ ತಾಸಿಗೆ ಹತ್ತು ರೂಪಾಯಿ.”